ಹಿಮನದಿಯ ಸಾಕ್ಷ್ಯ: ಕಣ್ಣಿಗೆ ಕಂಡದ್ದು, ಕಾಣದೆ ಉಳಿದದ್ದು



ಭೂಮಿಯ ಹವಾಮಾನ ಬದಲಾಗುತ್ತಿದೆ, ಹಿಮನದಿಗಳು ಕರಗುತ್ತಿವೆ ಎಂಬ ಮಾತು ಇಂದು ಯಾರಿಗೂ ಹೊಸದಲ್ಲ. ಶಾಲೆಗೆ ಹೋಗುವ ಮಗುವೂ ಅದನ್ನು ಹೇಳಬಲ್ಲದು. ಆದರೆ 'ಅದು ನಿನಗೆ ಹೇಗೆ ಗೊತ್ತು?' ಎಂದು ಕೇಳಿದರೆ ಮಗುವೂ ತಡವರಿಸುತ್ತದೆ, ನಾವೂ ತಡವರಿಸುತ್ತೇವೆ. ಕೊನೆಗೆ ನಮ್ಮಲ್ಲಿ ಬಹಳಷ್ಟು ಮಂದಿ ನೆನಪಿಸಿಕೊಳ್ಳುವುದು ಯಾವುದೋ ಪರದೆಯ ಮೇಲೆ ಕಂಡ ಒಂದು ದೃಶ್ಯವನ್ನು: ಬೆಟ್ಟದಷ್ಟು ದೊಡ್ಡ ಮಂಜುಗಡ್ಡೆಯೊಂದು ಗುಡುಗಿನ ಸದ್ದಿನೊಡನೆ ಕಳಚಿ ಸಮುದ್ರಕ್ಕೆ ಉರುಳುವ ದೃಶ್ಯ. ಆ ದೃಶ್ಯಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 2012ರಲ್ಲಿ ತೆರೆಕಂಡ 'ಚೇಸಿಂಗ್ ಐಸ್' ಎಂಬ ಅಮೆರಿಕದ ಸಾಕ್ಷ್ಯಚಿತ್ರದ್ದು. ಜೆಫ್ ಒರ್ಲೋವ್‌ಸ್ಕಿ ನಿರ್ದೇಶಿಸಿದ ಈ ಚಿತ್ರಕ್ಕೆ ಅದೇ ವರ್ಷದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಛಾಯಾಗ್ರಹಣದ ಪ್ರಶಸ್ತಿಯೂ, 2014ರಲ್ಲಿ ಎಮ್ಮಿ ಪ್ರಶಸ್ತಿಯೂ ಸಂದವು.

ಚಿತ್ರ ತೆರೆಕಂಡು ಒಂದು ದಶಕಕ್ಕೂ ಹೆಚ್ಚು ಕಾಲ ಕಳೆದಿದೆ. ಹಳೆಯ ಚಿತ್ರವೊಂದರ ವಿಮರ್ಶೆ ಈಗೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಸಾಕ್ಷ್ಯಚಿತ್ರವೆಂದರೆ ಹೆಸರೇ ಹೇಳುವಂತೆ ಸಾಕ್ಷ್ಯ. ಸಾಕ್ಷಿಯ ಮಾತು ಎಷ್ಟು ಗಟ್ಟಿಯೆಂಬುದು ತಿಳಿಯುವುದು ಆತ ನುಡಿದ ದಿನವಲ್ಲ, ಕಾಲ ಕಳೆದ ಮೇಲೆ. ಚಿತ್ರ ತೋರಿಸಿದ ಹಿಮನದಿಗಳಲ್ಲಿ ಆಮೇಲೆ ಏನೇನು ನಡೆಯಿತೆಂಬುದು ಈಗ ನಮಗೆ ಗೊತ್ತಿದೆ. ಆದುದರಿಂದ ಚಿತ್ರದ ಸಾಕ್ಷ್ಯವನ್ನು ನ್ಯಾಯವಾಗಿ ತೂಗಿ ನೋಡಲು ಇದು ತಕ್ಕ ಸಮಯ. ಒಳ್ಳೆಯ ಉದ್ದೇಶಕ್ಕಾಗಿ ಮಾಡಿದ ಕೃತಿಯನ್ನು ವಿಮರ್ಶೆಗೆ ಒಡ್ಡಬಾರದೆಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಒಳ್ಳೆಯ ಉದ್ದೇಶದ ಕೃತಿಗೇ ಕಟ್ಟುನಿಟ್ಟಾದ ವಿಮರ್ಶೆ ಹೆಚ್ಚು ಅಗತ್ಯವೆಂಬುದು ಈ ಲೇಖನದ ನಿಲುವು.

ಛಾಯಾಗ್ರಾಹಕನ ಹಟ

ಚಿತ್ರದ ಕಥಾನಾಯಕ ಜೇಮ್ಸ್ ಬ್ಯಾಲಾಗ್ ಎಂಬ ಛಾಯಾಗ್ರಾಹಕ. ಭೂರೂಪಗಳ ಅಧ್ಯಯನದಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆದರೂ ಪ್ರಯೋಗಾಲಯವನ್ನು ಸೇರದೆ ಕ್ಯಾಮೆರಾ ಹಿಡಿದವರು. ಹವಾಮಾನ ಬದಲಾವಣೆಯ ಮಾತನ್ನು ತಾವೂ ಒಂದು ಕಾಲದಲ್ಲಿ ನಂಬಿರಲಿಲ್ಲ, ಅದೆಲ್ಲ ಕಂಪ್ಯೂಟರಿನ ಲೆಕ್ಕಾಚಾರವೆಂದೇ ಭಾವಿಸಿದ್ದೆ ಎಂದು ಅವರು ಚಿತ್ರದಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಐಸ್‌ಲ್ಯಾಂಡಿನ ಸೋಲ್‌ಹೈಮಯೋಕುಲ್ ಎಂಬ ಹಿಮನದಿಯ ಚಿತ್ರ ತೆಗೆಯಲು ಹೋದ ಅವರು ಮತ್ತೆ ಅದೇ ಸ್ಥಳಕ್ಕೆ ಬಂದಾಗ, ಹಿಂದೆ ಮಂಜುಗಡ್ಡೆಯಿದ್ದ ಜಾಗದಲ್ಲಿ ಬರಿಯ ಕಲ್ಲುಮಣ್ಣು ಉಳಿದಿರುವುದನ್ನು ಕಂಡರು. ನೆಲ ನಿಧಾನವಾಗಿ ಬದಲಾಗುತ್ತದೆಂದು ಓದಿದ್ದವರಿಗೆ ಅದು ತಮ್ಮ ಕಣ್ಣೆದುರಿಗೇ ಬದಲಾಗಿತ್ತು.

2007ರಲ್ಲಿ ಅವರು 'ಎಕ್ಸ್‌ಟ್ರೀಮ್ ಐಸ್ ಸರ್ವೇ' ಎಂಬ ಯೋಜನೆಯನ್ನು ಆರಂಭಿಸಿದರು. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಅಲಾಸ್ಕ ಮತ್ತು ಮೊಂಟಾನಗಳ ಬಂಡೆಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ಕ್ಯಾಮೆರಾಗಳನ್ನು ನೆಟ್ಟು, ಹಗಲು ಬೆಳಕಿರುವಷ್ಟು ಹೊತ್ತು ನಿಗದಿತ ಅವಧಿಗೊಮ್ಮೆ ಒಂದೊಂದು ಚಿತ್ರ ತೆಗೆಯುವಂತೆ ಅವುಗಳನ್ನು ಅಣಿಗೊಳಿಸಿದರು. ಕೇಳಲು ಸುಲಭ. ಆದರೆ ಕ್ಯಾಮೆರಾ ಅಂಥ ಚಳಿಗಾಗಿ ಹುಟ್ಟಿದ ಯಂತ್ರವಲ್ಲ. ಹಿಮದಲ್ಲಿ ಪೆಟ್ಟಿಗೆಗಳು ಹೂತುಹೋದವು, ಬಿರುಗಾಳಿಗೆ ಹಾರಿದ ಕಲ್ಲುಗಳು ಗಾಜನ್ನೊಡೆದವು, ಕಾಲ ಅಳೆಯುವ ಪುಟ್ಟ ಸಾಧನ ಕೈಕೊಟ್ಟು ತಿಂಗಳುಗಳ ಶ್ರಮ ಮಣ್ಣುಪಾಲಾಯಿತು. ಬ್ಯಾಲಾಗ್ ಅವರ ಮಂಡಿಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾಯಿತು. ವೈದ್ಯರ ಮಾತನ್ನು ಬದಿಗಿಟ್ಟು ಅವರು ಊರುಗೋಲಿನೊಂದಿಗೇ ಹಿಮವನ್ನೇರುವುದನ್ನು ನಾವು ನೋಡುತ್ತೇವೆ.

ಆಗಿನ್ನೂ ಎಳೆಯ ವಯಸ್ಸಿನ ಒರ್ಲೋವ್‌ಸ್ಕಿ ಈ ತಂಡದ ಕೆಲಸವನ್ನು ದಾಖಲಿಸಲು ಜೊತೆಗೂಡಿದವರು. ಆ ದಾಖಲೆಯೇ ಮುಂದೆ ಚಿತ್ರವಾಯಿತು. ಹೀಗಾಗಿ ಇದರಲ್ಲಿ ಎರಡು ಕಥೆಗಳಿವೆ. ಒಂದು ಹಿಮದ ಕಥೆ, ಇನ್ನೊಂದು ಹಿಮದ ಹಿಂದೆ ಬಿದ್ದ ಮನುಷ್ಯನ ಕಥೆ. ಈ ಎರಡನ್ನೂ ಬೇರ್ಪಡಿಸಿ ನೋಡದಿದ್ದರೆ ಚಿತ್ರದ ಬಲವೂ ಅದರ ಕೊರತೆಯೂ ನಮಗೆ ತಿಳಿಯುವುದಿಲ್ಲ.

ಕಾಲವನ್ನು ಕಾಣಿಸಿದ ಬಲ

ಚಿತ್ರದ ನಿಜವಾದ ಸಾಧನೆ ಸೌಂದರ್ಯವಲ್ಲ, ಸೌಂದರ್ಯ ಅದರಲ್ಲಿ ಧಾರಾಳವಾಗಿದ್ದರೂ. ಕಣ್ಣಿಗೆ ಕಾಣದ ನಿಧಾನವನ್ನು ಕಾಣುವಂತೆ ಮಾಡಿದ್ದೇ ಅದರ ಸಾಧನೆ. ಹಿಮನದಿಯ ಮುಂದೆ ಒಂದು ದಿನ ಕುಳಿತರೂ ಅದು ಕದಲುವುದು ನಮಗೆ ತಿಳಿಯದು. ಕಲ್ಲಿನಂತೆ ನಿಂತಿದೆಯೆಂದೇ ತೋರುತ್ತದೆ. ಅದೇ ಹಿಮನದಿಯ ಮೂರು ವರ್ಷಗಳನ್ನು ಒಂದೆರಡು ನಿಮಿಷಕ್ಕೆ ಇಳಿಸಿ ತೋರಿಸಿದಾಗ ಅದು ನಿಜವಾಗಿಯೂ ನದಿಯೆಂಬುದು ಮನದಟ್ಟಾಗುತ್ತದೆ. ಅದು ಹರಿಯುತ್ತದೆ, ಉಬ್ಬುತ್ತದೆ, ಇಳಿಯುತ್ತದೆ, ಉಸಿರಾಡುವ ಪ್ರಾಣಿಯಂತೆ ಕುಗ್ಗುತ್ತದೆ. ಅಲಾಸ್ಕದ ಕೊಲಂಬಿಯ ಹಿಮನದಿ ಎಷ್ಟು ಹಿಂದಕ್ಕೆ ಸರಿಯಿತೆಂದರೆ, ಅದು ಚೌಕಟ್ಟಿನಿಂದಲೇ ಆಚೆಗೆ ಹೋಗಿ ಕ್ಯಾಮೆರಾದ ಮುಖವನ್ನೇ ತಿರುಗಿಸಬೇಕಾಯಿತು.

ಚಿತ್ರದ ಶಿಖರ 2008ರ ಮೇ 28ರಂದು ಗ್ರೀನ್‌ಲ್ಯಾಂಡಿನ ಇಲುಲಿಸ್ಸಾಟ್ ಹಿಮನದಿಯಲ್ಲಿ ಸೆರೆಸಿಕ್ಕ ಘಟನೆ. ಯಾಕೋಬ್ಸ್‌ಹಾವ್ನ್ ಎಂಬುದು ಅದೇ ಹಿಮನದಿಯ ಇನ್ನೊಂದು ಹೆಸರು. ದಿನಗಟ್ಟಲೆ ಗುಡಾರದಲ್ಲಿ ಕಾದಿದ್ದ ಇಬ್ಬರು ಯುವಕರ ಕಣ್ಣೆದುರಿಗೆ ಸುಮಾರು 75 ನಿಮಿಷಗಳ ಕಾಲ ಹಿಮನದಿಯ ಮುಖ ಕಳಚುತ್ತಲೇ ಹೋಯಿತು. ಕಳಚಿಬಿದ್ದ ಹಿಮ 7.4 ಘನ ಕಿಲೋಮೀಟರ್ ಎಂದು ಚಿತ್ರ ಲೆಕ್ಕ ಕೊಡುತ್ತದೆ. ಅದರ ಅಗಾಧತೆಯನ್ನು ತಿಳಿಸಲು ನ್ಯೂಯಾರ್ಕಿನ ಮ್ಯಾನ್‌ಹಟ್ಟನ್ ದ್ವೀಪದ ನಕ್ಷೆಯನ್ನು ಹಿಮದ ಮೇಲಿಟ್ಟು ತೋರಿಸುತ್ತದೆ. ಮ್ಯಾನ್‌ಹಟ್ಟನ್ ಕಾಣದ ನಮಗೆ ಆ ಹೋಲಿಕೆ ಅಷ್ಟಾಗಿ ನಾಟದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಅಷ್ಟು ಹಿಮ ಕರಗಿದರೆ ತುಂಬಿದ ಕೃಷ್ಣರಾಜಸಾಗರದಂಥ ಜಲಾಶಯಗಳು ಹೆಚ್ಚುಕಡಿಮೆ ಐದರಷ್ಟು ನೀರಾಗುತ್ತದೆ. ಒಂದು ಮುಂಗಾರು ಪೂರ್ತಿ ಸುರಿದು ತುಂಬಿಸುವ ಜಲಾಶಯ ಐದು ಪಟ್ಟಾಗಿ ಒಂದೂಕಾಲು ಗಂಟೆಯಲ್ಲಿ ಕಳಚಿಬಿದ್ದಂತೆ! ಆ ದೃಶ್ಯವನ್ನು ಕಂಡವರು ಮಾತು ಕಳೆದುಕೊಂಡರೆ ಆಶ್ಚರ್ಯವಿಲ್ಲ.

ಆದರೆ ವಿಮರ್ಶೆ ಆರಂಭವಾಗಬೇಕಾದುದು ಆ ಮೌನದ ಬಳಿಕವೇ. ನಾವು ಕಂಡದ್ದೇನು? ಅದರಿಂದ ನಮಗೆ ತಿಳಿದದ್ದೇನು?

ಹಿಮನದಿಯ ಜಮಾಖರ್ಚು

ಹಿಮನದಿಯನ್ನು ಅರ್ಥಮಾಡಿಕೊಳ್ಳಲು ಒಂದು ಮನೆಯ ಜಮಾಖರ್ಚಿನ ಪುಸ್ತಕವನ್ನು ಕಲ್ಪಿಸಿಕೊಳ್ಳಿರಿ. ಮೇಲ್ಭಾಗದಲ್ಲಿ ಬೀಳುವ ಹಿಮ ಅದರ ವರಮಾನ. ಬಿದ್ದ ಹಿಮ ವರ್ಷದಿಂದ ವರ್ಷಕ್ಕೆ ಪದರಪದರವಾಗಿ ಒತ್ತಿ ಗಟ್ಟಿ ಮಂಜುಗಡ್ಡೆಯಾಗಿ, ತನ್ನದೇ ಭಾರದಿಂದ ಕೆಳಗೆ ಜಾರುತ್ತದೆ. ಕೆಳಭಾಗದಲ್ಲಿ ಅದು ಕರಗುತ್ತದೆ, ಇಲ್ಲವೆ ಸಮುದ್ರದಂಚಿನಲ್ಲಿ ಕಳಚಿಬೀಳುತ್ತದೆ. ಅದು ಖರ್ಚು. ವರಮಾನ ಹೆಚ್ಚಾದರೆ ಹಿಮನದಿ ಬೆಳೆಯುತ್ತದೆ. ಖರ್ಚು ಹೆಚ್ಚಾದರೆ ಸೊರಗುತ್ತದೆ. ಹಿಮನದಿ ಹಿಂದಕ್ಕೆ ಸರಿಯುತ್ತಿದೆ ಎಂದು ನಾವು ಹೇಳುವಾಗಲೂ ಮಂಜುಗಡ್ಡೆ ಮುಂದಕ್ಕೇ ಹರಿಯುತ್ತಿರುತ್ತದೆ. ಬಂದಷ್ಟಕ್ಕಿಂತ ಹೋದದ್ದು ಹೆಚ್ಚಾಗಿ ಅದರ ಅಂಚು ಮಾತ್ರ ಹಿಂದೆ ಸರಿಯುತ್ತದೆ.

ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಸಮುದ್ರವನ್ನು ಮುಟ್ಟುವ ಹಿಮನದಿಯಿಂದ ಮಂಜುಗಡ್ಡೆ ಕಳಚುವುದು ತನ್ನಷ್ಟಕ್ಕೆ ತಾನೇ ರೋಗದ ಲಕ್ಷಣವಲ್ಲ. ಆರೋಗ್ಯವಂತ ಹಿಮನದಿಯೂ ಕಳಚುತ್ತದೆ. ಮನುಷ್ಯನು ಕಲ್ಲಿದ್ದಲು ಉರಿಸುವ ಮೊದಲೂ ಅದು ಕಳಚುತ್ತಿತ್ತು. ರೋಗವಿರುವುದು ಕಳಚುವುದರಲ್ಲಿ ಅಲ್ಲ, ಕಳಚಿದಷ್ಟು ತುಂಬಿಕೊಳ್ಳದಿರುವುದರಲ್ಲಿ. ಎರಡನೆಯದು, ಹಿಮನದಿಯ ಅಂಚು ಹವಾಮಾನಕ್ಕೆ ತಕ್ಷಣ ಉತ್ತರ ಕೊಡುವುದಿಲ್ಲ. ಮೇಲ್ಭಾಗದಲ್ಲಿ ಆದ ಬದಲಾವಣೆ ಕೆಳಗಿನ ಅಂಚಿಗೆ ಮುಟ್ಟಲು ಹಲವು ವರ್ಷಗಳು, ದೊಡ್ಡ ಹಿಮನದಿಗಳಲ್ಲಿ ಹಲವು ದಶಕಗಳೇ ಬೇಕು. ಇಂದು ನಾವು ನೋಡುವ ಅಂಚು ನಿನ್ನೆಯ ಹವಾಮಾನದ ಉತ್ತರ. ಇಂದಿನ ಹವಾಮಾನದ ಉತ್ತರ ಮುಂದೆ ಬರಲಿದೆ.

ಆದ್ದರಿಂದಲೇ ಹಿಮವಿಜ್ಞಾನಿಗಳು ಅಂಚನ್ನು ಮಾತ್ರ ನೋಡಿ ತೀರ್ಪು ಕೊಡುವುದಿಲ್ಲ. ಮಂಜುಗಡ್ಡೆಯಲ್ಲಿ ಗಳುಗಳನ್ನು ನೆಟ್ಟು, ವರ್ಷಕ್ಕೆ ಎಷ್ಟು ಕರಗಿತೆಂದು ಅಳೆಯುತ್ತಾರೆ. ಮೇಲೆ ಹಳ್ಳ ತೋಡಿ, ಎಷ್ಟು ಹಿಮ ಸೇರಿತೆಂದು ತೂಗುತ್ತಾರೆ. ಉಪಗ್ರಹಗಳಿಂದ ಎತ್ತರವನ್ನು, ಗುರುತ್ವಾಕರ್ಷಣೆಯ ಸೂಕ್ಷ್ಮ ವ್ಯತ್ಯಾಸವನ್ನು ಅಳೆಯುತ್ತಾರೆ. ಇದು ಬೇಸರದ ಕೆಲಸ. ಇದರಲ್ಲಿ ಗುಡುಗಿಲ್ಲ, ಕುಸಿತವಿಲ್ಲ. ಆದರೆ ಜಮಾಖರ್ಚಿನ ನಿಜವಾದ ಪುಸ್ತಕ ಇದೇ. 'ಚೇಸಿಂಗ್ ಐಸ್' ಈ ಪುಸ್ತಕವನ್ನು ತೆರೆಯುವುದಿಲ್ಲ ಎನ್ನುವಂತಿಲ್ಲ, ತೆರೆದು ಒಂದೆರಡು ಪುಟ ತಿರುವಿ ಬೇಗನೆ ಮುಚ್ಚಿಬಿಡುತ್ತದೆ.

ಎರಡು ಹಿಮನದಿಗಳು, ಎರಡು ಪಾಠಗಳು

ಚಿತ್ರದ ಮುಖ್ಯ ಸಾಕ್ಷಿಗಳು ಎರಡು. ಅವೆರಡರ ಕಥೆಯೂ ಚಿತ್ರ ಹೇಳಿದ್ದಕ್ಕಿಂತ ಜಟಿಲವಾದದ್ದು.

ಕೊಲಂಬಿಯ ಹಿಮನದಿಯನ್ನು ನೋಡೋಣ. 1794ರಲ್ಲಿ ವ್ಯಾಂಕೂವರನ ನಾವಿಕರು ಅದನ್ನು ಕಂಡಾಗಿನಿಂದ 1980ರ ಸುಮಾರಿನವರೆಗೆ ಅದರ ಅಂಚು ಬಹುತೇಕ ಒಂದೇ ಕಡೆ ನಿಂತಿತ್ತು. ಅಲ್ಲಿಂದಾಚೆಗೆ ಅದು 20 ಕಿಲೋಮೀಟರಿಗೂ ಹೆಚ್ಚು ಹಿಂದಕ್ಕೆ ಸರಿದಿದೆ. ಇದಕ್ಕೆ ಕಾರಣ ಬರಿಯ ಬಿಸಿಲಲ್ಲ. ಸಮುದ್ರದ ತಳದಲ್ಲಿ ಅದೇ ಹಿಮನದಿ ತಳ್ಳಿ ಗುಡ್ಡೆಹಾಕಿದ್ದ ಕಲ್ಲುಮಣ್ಣಿನ ದಿಬ್ಬವೊಂದು ಅದರ ಮುಖಕ್ಕೆ ಒಡ್ಡಿನಂತೆ ಆಧಾರ ಕೊಟ್ಟಿತ್ತು. ಹಿಮ ತೆಳುವಾಗಿ ಆ ದಿಬ್ಬದಿಂದ ಹಿಂದೆ ಸರಿದೊಡನೆ ಅದರ ಮುಖ ಆಳವಾದ ನೀರಿಗೆ ಬಿತ್ತು. ಅಲ್ಲಿ ಕಳಚುವುದು ವೇಗವಾಯಿತು, ವೇಗವಾದಷ್ಟೂ ಹಿಂದಿನ ಹಿಮ ಮುಂದೆ ಧಾವಿಸಿ ತೆಳುವಾಯಿತು, ತೆಳುವಾದಷ್ಟೂ ಮತ್ತೆ ಕಳಚಿತು. ಹೀಗಾಗಬಹುದೆಂದು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ವಿಜ್ಞಾನಿಗಳು ಮೊದಲೇ ಮುನ್ಸೂಚನೆ ನೀಡಿದ್ದರು. ಬೆಟ್ಟದ ಇಳಿಜಾರಿನಲ್ಲಿ ಬಂಡಿಯೊಂದನ್ನು ಯಾರೋ ನೂಕಿದರೆಂದುಕೊಳ್ಳಿ. ಮೊದಲ ನೂಕು ಹವಾಮಾನದ್ದಿರಬಹುದು. ಆಮೇಲೆ ಬಂಡಿ ತನ್ನ ಭಾರದಿಂದಲೇ ಉರುಳುತ್ತದೆ. ಉರುಳುವ ವೇಗವನ್ನು ನೋಡಿ ನೂಕಿದವನ ಬಲವನ್ನು ಅಳೆಯಹೊರಟರೆ ಲೆಕ್ಕ ತಪ್ಪುತ್ತದೆ. ಚಿತ್ರ ಈ ವ್ಯತ್ಯಾಸವನ್ನು ವೀಕ್ಷಕನ ಮುಂದೆ ಬಿಡಿಸಿಡುವುದಿಲ್ಲ. ಸಮುದ್ರಕ್ಕಿಳಿಯುವ ಹಿಮನದಿಗಳ ವಿಷಯದಲ್ಲಿ ಪರಿಣತರಾದ ಟ್ಯಾಡ್ ಫೆಫರ್ ಅವರಂಥ ವಿಜ್ಞಾನಿ ಚಿತ್ರದಲ್ಲಿ ಇದ್ದೂ ಈ ಮಾತು ಮುನ್ನೆಲೆಗೆ ಬಾರದಿರುವುದು ವಿಷಾದದ ಸಂಗತಿ.

ಇನ್ನು ಇಲುಲಿಸ್ಸಾಟ್. ನೂರು ವರ್ಷಗಳಲ್ಲಿ 13 ಕಿಲೋಮೀಟರ್ ಹಿಂದೆ ಸರಿದಿದ್ದ ಈ ಹಿಮನದಿ, ಮುಂದಿನ ಹತ್ತೇ ವರ್ಷಗಳಲ್ಲಿ 14 ಕಿಲೋಮೀಟರಿಗೂ ಹೆಚ್ಚು ಸರಿಯಿತೆಂದು ಚಿತ್ರ ಹೇಳುತ್ತದೆ. ಅದು ನಿಜ. ಆದರೆ ಏಕೆ? ವಿಜ್ಞಾನಿಗಳು ಕಂಡುಕೊಂಡ ಉತ್ತರ ಗಾಳಿಯಲ್ಲಿ ಮಾತ್ರವಲ್ಲ, ನೀರಿನಲ್ಲಿಯೂ ಇದೆ. 1997ರಲ್ಲಿ ಅಟ್ಲಾಂಟಿಕ್ಕಿನ ಬೆಚ್ಚನೆಯ ನೀರು ಡಿಸ್ಕೊ ಕೊಲ್ಲಿಯ ಆಳದಲ್ಲಿ ಹರಿದುಬಂದು ಹಿಮನದಿಯನ್ನು ಕೆಳಗಿನಿಂದ ಕೊರೆಯಿತು. ಅದರ ತೇಲುವ ನಾಲಿಗೆ ಕೆಲವೇ ವರ್ಷಗಳಲ್ಲಿ ಒಡೆದುಹೋಯಿತು. ತಡೆಯಾಗಿದ್ದ ನಾಲಿಗೆ ಹೋದೊಡನೆ ಹಿಂದಿನ ಹಿಮದ ವೇಗ ಇಮ್ಮಡಿಯಾಯಿತು. ಅಂದರೆ ಕ್ಯಾಮೆರಾ ನೋಡುತ್ತಿದ್ದುದು ಮೇಲ್ಮೈಯನ್ನು. ಕೆಲಸ ನಡೆದದ್ದು ಕ್ಯಾಮೆರಾ ತಲಪಲಾರದ ಆಳದಲ್ಲಿ.

ಚಿತ್ರ ಬಂದ ಬಳಿಕ ನಡೆದದ್ದು ಇನ್ನೂ ವಿಸ್ಮಯಕರ. 2016ರಿಂದ ಕೆಲವು ವರ್ಷಗಳ ಕಾಲ ಇದೇ ಹಿಮನದಿ ನಿಧಾನವಾಯಿತು, ಅಂಚಿನ ಬಳಿ ದಪ್ಪವಾಯಿತು, ಮುಂದಕ್ಕೂ ಚಾಚಿತು. ಕೊಲ್ಲಿಗೆ ಬರುವ ನೀರು ತಣ್ಣಗಾದದ್ದೇ ಕಾರಣವೆಂದು 2019ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ವಿಜ್ಞಾನಿಗಳು ಪ್ರಕಟಿಸಿದರು. ಸಮುದ್ರದ ಉಷ್ಣತೆ ಕೆಲವು ವರ್ಷ ಏರಿ ಕೆಲವು ವರ್ಷ ಇಳಿಯುವ ಸಹಜ ಆವರ್ತದ ಒಂದು ಘಟ್ಟ ಅದೆಂದೂ, ಬೆಚ್ಚನೆಯ ನೀರು ಮತ್ತೆ ಬರುವುದೆಂದೂ ಅವರು ಎಚ್ಚರಿಸಿದರು. ಮುಂದಕ್ಕೆ ಚಾಚಿದ ಆ ವರ್ಷಗಳಲ್ಲಿಯೂ ಹಿಮನದಿಯ ಒಟ್ಟು ಖರ್ಚು ವರಮಾನಕ್ಕಿಂತ ಹೆಚ್ಚೇ ಇತ್ತು.

ಹಾಗಾದರೆ ಚಿತ್ರ ಸುಳ್ಳೇ?

ಇಲ್ಲ, ವಾಚಕರೇ. ಇಲ್ಲಿಯೇ ನಾವು ಬಹಳ ಎಚ್ಚರದಿಂದ ಹೆಜ್ಜೆಯಿಡಬೇಕು. ಒಂದು ಹಿಮನದಿ ಕೆಲವು ವರ್ಷ ಮುಂದೆ ಸರಿಯಿತೆಂದು ಹವಾಮಾನ ಬದಲಾವಣೆಯೇ ಸುಳ್ಳೆಂದು ಸಾರುವವರಿದ್ದಾರೆ. ಒಂದು ಹಿಮನದಿ ಭಯಂಕರವಾಗಿ ಕುಸಿಯಿತೆಂದು ಅದೊಂದನ್ನೇ ಪುರಾವೆಯಾಗಿ ಹಿಡಿಯುವವರೂ ಇದ್ದಾರೆ. ಇಬ್ಬರ ತಪ್ಪೂ ಒಂದೇ. ಇಬ್ಬರೂ ಒಬ್ಬ ಸಾಕ್ಷಿಯ ಮಾತಿನ ಮೇಲೆ ಇಡೀ ಮೊಕದ್ದಮೆಯ ತೀರ್ಪು ಬರೆಯುತ್ತಾರೆ.

ಸಾಕ್ಷಿಗಳೆಲ್ಲರನ್ನೂ ಒಟ್ಟಾಗಿ ಕೇಳಿದಾಗ ತೀರ್ಪಿನಲ್ಲಿ ಸಂದೇಹ ಉಳಿಯುವುದಿಲ್ಲ. ಗ್ರೀನ್‌ಲ್ಯಾಂಡಿನ ಹಿಮಹಾಸು 1990ರ ದಶಕದ ಕೊನೆಯಿಂದ ವರ್ಷವರ್ಷವೂ ನಷ್ಟದಲ್ಲಿದೆ. 2002ರಿಂದ ಗುರುತ್ವಾಕರ್ಷಣೆಯನ್ನು ಅಳೆಯುವ ಉಪಗ್ರಹಗಳ ಪ್ರಕಾರ ಆ ನಷ್ಟ ಸರಾಸರಿ ವರ್ಷಕ್ಕೆ 250 ಶತಕೋಟಿ ಟನ್ನಿಗೂ ಅಧಿಕ. ಚಿತ್ರದಲ್ಲಿಯೇ ಒಂದು ಒಳ್ಳೆಯ ಭಾಗವಿದೆ. ಕೆನಡಾದ ಯೂಕಾನ್ ಪ್ರಾಂತ್ಯದ ಸುಮಾರು 1,400 ಹಿಮನದಿಗಳಲ್ಲಿ ಐವತ್ತು ವರ್ಷಗಳ ಅವಧಿಯಲ್ಲಿ ನಾಲ್ಕು ಮಾತ್ರ ಬೆಳೆದವು, 300ಕ್ಕೂ ಹೆಚ್ಚು ಪೂರ್ತಿಯಾಗಿ ಇಲ್ಲವಾದವು, ಉಳಿದವು ಬಹುತೇಕ ಸೊರಗಿದವು ಎಂದು ಬ್ಯಾಲಾಗ್ ಅಲ್ಲಿ ಹೇಳುತ್ತಾರೆ. ಆ ನಾಲ್ಕನ್ನು ಮರೆಮಾಚದೆ ಹೇಳಿದ್ದರಲ್ಲಿಯೇ ಆ ಮಾತಿನ ಪ್ರಾಮಾಣಿಕತೆಯಿದೆ, ಬಲವೂ ಇದೆ. ಇಡೀ ಚಿತ್ರದಲ್ಲಿ ಅತಿ ಗಟ್ಟಿಯಾದ ಪುರಾವೆ ಕೆಲವೇ ಕ್ಷಣಗಳ ಈ ಮಾತು. ಆದರೆ ವೀಕ್ಷಕರ ನೆನಪಿನಲ್ಲಿ ಉಳಿಯುವುದು 75 ನಿಮಿಷಗಳ ಆ ಕುಸಿತ.

ಇದು ಬರಿಯ ಕಲೆಯ ಪ್ರಶ್ನೆಯಲ್ಲ. ಸತ್ಯಕ್ಕೆ ಅತಿಶಯೋಕ್ತಿಯ ಊರುಗೋಲು ಕೊಟ್ಟರೆ ಏನಾಗುತ್ತದೆಂಬುದನ್ನು ನಮ್ಮ ಹಿಮಾಲಯದ ವಿಷಯದಲ್ಲಿಯೇ ಲೋಕ ಕಂಡಿದೆ. ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿಯ 2007ರ ವರದಿಯ ಒಂದು ಅಧ್ಯಾಯದಲ್ಲಿ, ಹಿಮಾಲಯದ ಹಿಮನದಿಗಳು 2035ರ ವೇಳೆಗೆ ಇಲ್ಲವಾಗುವ ಸಂಭವ ಬಹಳವಿದೆಯೆಂಬ ಮಾತು ಸೇರಿಕೊಂಡಿತ್ತು. ಅದಕ್ಕೆ ತಕ್ಕ ಆಧಾರವಿರಲಿಲ್ಲ. 2009ರಲ್ಲಿ ಭಾರತ ಸರ್ಕಾರದ ಪರಿಸರ ಸಚಿವಾಲಯ ಪ್ರಕಟಿಸಿದ ವಿ.ಕೆ. ರೈನಾ ಅವರ ಪ್ರಬಂಧವು ಹಿಮಾಲಯದ ಹಿಮನದಿಗಳ ಬಗ್ಗೆ ಬೇರೆಯೇ ಚಿತ್ರವನ್ನು ಕೊಟ್ಟಾಗ ದೊಡ್ಡ ವಾಗ್ವಾದವೇ ನಡೆಯಿತು. ಕೊನೆಗೆ 2010ರ ಜನವರಿಯಲ್ಲಿ ಸಮಿತಿ ವಿಷಾದ ಸೂಚಿಸಬೇಕಾಯಿತು. ಸಾವಿರಾರು ಪುಟಗಳ ವರದಿಯಲ್ಲಿ ಒಂದೇ ಒಂದು ವಾಕ್ಯ! ಆದರೆ ಕೇಳಲೊಲ್ಲದವರಿಗೆ ಅದೊಂದೇ ಸಾಕಾಯಿತು. ಮಿಕ್ಕ ಪುಟಗಳ ಸತ್ಯವನ್ನೂ ಅವರು ಅದರ ನೆಪದಲ್ಲಿ ತಳ್ಳಿಹಾಕಿದರು. ಹಿಮಾಲಯದ ಹಿಮನದಿಗಳು 2035ಕ್ಕೆ ಮಾಯವಾಗುವುದಿಲ್ಲ. ಆದರೆ 2011ರಿಂದ 2020ರ ದಶಕದಲ್ಲಿ ಹಿಂದೂಕುಷ್ ಹಿಮಾಲಯದ ಹಿಮನದಿಗಳು ಹಿಂದಿನ ದಶಕಕ್ಕಿಂತ ಶೇಕಡ 65ರಷ್ಟು ಹೆಚ್ಚು ವೇಗವಾಗಿ ಹಿಮವನ್ನು ಕಳೆದುಕೊಂಡವೆಂದು ಕಠ್ಮಂಡುವಿನ ಪರ್ವತಾಭಿವೃದ್ಧಿ ಕೇಂದ್ರ 2023ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ಸತ್ಯವೇ ಇಷ್ಟು ಗಂಭೀರವಾಗಿರುವಾಗ ಅದಕ್ಕೆ ಬಣ್ಣ ಬಳಿಯುವ ಅಗತ್ಯವಾದರೂ ಏನಿದೆ?

'ಚೇಸಿಂಗ್ ಐಸ್' ಸುಳ್ಳು ಹೇಳಿಲ್ಲ. ಆದರೆ ತನ್ನ ಅತಿ ಬಲವಾದ ಚಿತ್ರಗಳು ತನ್ನ ಅತಿ ಬಲವಾದ ಪುರಾವೆಗಳಲ್ಲವೆಂಬುದನ್ನು ಅದು ನಮಗೆ ತಿಳಿಸದೆ ಬಿಟ್ಟಿದೆ. ಇದು ನನ್ನ ಮೊದಲ ಆಕ್ಷೇಪ.

ಚೌಕಟ್ಟಿನ ಹೊರಗಿನ ಜನ

ಎರಡನೆಯ ಆಕ್ಷೇಪ ಇನ್ನೂ ಮುಖ್ಯವಾದದ್ದು. ಈ ಚಿತ್ರದಲ್ಲಿ ಹಿಮವಿದೆ, ಹಿಮದ ಮುಂದೆ ನಿಂತ ಸಾಹಸಿಯಿದ್ದಾನೆ, ಅವನ ಮಂಡಿನೋವಿದೆ, ಮನೆಯವರ ಆತಂಕವಿದೆ. ಹಿಮದ ನೆರಳಿನಲ್ಲಿ ಬದುಕುವ ಜನ ಮಾತ್ರ ಚಿತ್ರದ ಕೇಂದ್ರದಲ್ಲಿ ಎಲ್ಲಿಯೂ ಇಲ್ಲ. ಇಲುಲಿಸ್ಸಾಟ್ ಎಂಬುದು ಬರಿಯ ಹಿಮನದಿಯ ಹೆಸರಲ್ಲ. ಅದು ಮೀನುಗಾರರೂ ಬೇಟೆಗಾರರೂ ನಾಯಿಬಂಡಿಗಳೂ ಇರುವ ಒಂದು ಊರು. ಅವರ ಪಾಲಿಗೆ ಬದಲಾಗುತ್ತಿರುವ ಹಿಮವೆಂದರೆ ಏನೆಂಬುದನ್ನು ಚಿತ್ರ ನಿಂತು ಕೇಳುವುದಿಲ್ಲ. ಕ್ಯಾಮೆರಾ ಹೊತ್ತು ದೂರದಿಂದ ಬಂದವನ ಕಷ್ಟ ನಮ್ಮ ಕಣ್ಣನ್ನು ತೇವಗೊಳಿಸುತ್ತದೆ. ಅಲ್ಲಿಯೇ ಹುಟ್ಟಿ ಅಲ್ಲಿಯೇ ಬದುಕಬೇಕಾದವರ ಕಷ್ಟ ನಮಗೆ ತಿಳಿಯುವುದೇ ಇಲ್ಲ.

ಹಿಮಾಲಯವಂತೂ ಚಿತ್ರದ ಮುಖ್ಯ ಭೂಪಟದಲ್ಲಿಲ್ಲ. ಒಂದು ತಂಡ ಎಲ್ಲ ಕಡೆಗೂ ಹೋಗಲಾರದು, ಆದ್ದರಿಂದ ಇದನ್ನು ತಪ್ಪೆಂದು ಎಣಿಸಲಾಗದು. ಆದರೆ ಈ ಚಿತ್ರವನ್ನು ಭಾರತದಲ್ಲಿ ಕುಳಿತು ನೋಡುವ ನಾವು ಆ ಕೊರತೆಯನ್ನು ನಾವಾಗಿಯೇ ತುಂಬಿಕೊಳ್ಳಬೇಕು. ಹಿಮಾಚಲದ ಲಾಹೌಲ್ ಸ್ಪಿತಿ ಪ್ರದೇಶದ ಛೋಟಾ ಶಿಗ್ರಿ ಹಿಮನದಿಯಲ್ಲಿ 2002ರಿಂದ ಭಾರತೀಯ ವಿಜ್ಞಾನಿಗಳು ಬಿದಿರಿನ ಗಳುಗಳನ್ನು ಹಿಮಕ್ಕೆ ಇಳಿಸಿ ವರ್ಷವರ್ಷದ ಜಮಾಖರ್ಚನ್ನು ಬರೆದಿಡುತ್ತಿದ್ದಾರೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದಲ್ಲಿ ಅನಿಲ್ ಕುಲಕರ್ಣಿ ಮತ್ತು ಸಹೋದ್ಯೋಗಿಗಳು ಉಪಗ್ರಹ ಚಿತ್ರಗಳ ಮೂಲಕ ಹಿಮಾಲಯದ ಹಿಮನದಿಗಳನ್ನು ಅಧ್ಯಯನ ಮಾಡಿದ್ದಾರೆ. ಹಿಮವೇ ಬೀಳದ ನಾಡಿನ ನಗರವೊಂದರಲ್ಲಿ ಹಿಮದ ಲೆಕ್ಕ ನಡೆಯುತ್ತಿದೆಯೆಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಡವೇ?

2023ರ ಅಕ್ಟೋಬರ್ 4ರ ಮುಂಜಾವಿಗೆ ಮೊದಲು ಸಿಕ್ಕಿಮಿನಲ್ಲಿ ನಡೆದುದನ್ನು ನೆನೆಯಿರಿ. ಹಿಮನದಿ ಕರಗಿ ಹಿಗ್ಗಿದ್ದ ದಕ್ಷಿಣ ಲ್ಹೊನಾಕ್ ಸರೋವರದೊಳಕ್ಕೆ ದಡದ ಇಳಿಜಾರು ಕುಸಿದು, ಉಕ್ಕಿದ ನೀರು ತೀಸ್ತಾ ಕಣಿವೆಯಲ್ಲಿ ನುಗ್ಗಿ ಚುಂಗ್‌ಥಾಂಗಿನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಸೇತುವೆಗಳು, ಮನೆಗಳು, ಮಲಗಿದ್ದ ಜನ ಹೊಳೆಯ ಪಾಲಾದರು. ಆ ರಾತ್ರಿ ಅಲ್ಲಿ ಕಲಾತ್ಮಕವಾದ ಕ್ಯಾಮೆರಾ ಯಾವುದೂ ಇರಲಿಲ್ಲ. ಹಿಮನದಿ ಮತ್ತು ಬದಲಾಗುವ ಹವಾಮಾನದ ಸಂಬಂಧವನ್ನು ಅಧ್ಯಯನ ಮಾಡುವುದೆಂದರೆ ದೂರದ ಸೌಂದರ್ಯದ ನಾಶಕ್ಕೆ ಮರುಗುವುದು ಮಾತ್ರವಲ್ಲ, ಯಾವ ಸರೋವರದ ಕೆಳಗೆ ಯಾರ ಮನೆಯಿದೆಯೆಂದು ತಿಳಿದುಕೊಳ್ಳುವುದು.

ನಮಗಿದರಿಂದ ಏನಾಗಬೇಕು, ನಮ್ಮ ಕಾವೇರಿ, ತುಂಗಭದ್ರೆ, ಶರಾವತಿಗಳು ಮಳೆಯಿಂದ ಹುಟ್ಟಿದವಲ್ಲವೇ ಎಂದು ಕೆಲವರು ಕೇಳಬಹುದು. ನದಿಗಳ ಮಟ್ಟಿಗೆ ಆ ಮಾತು ಸರಿ. ಕಡಲಿನ ಮಟ್ಟಿಗೆ ಸರಿಯಲ್ಲ. ಗ್ರೀನ್‌ಲ್ಯಾಂಡಿನ ಹಿಮರಾಶಿ ತನ್ನ ಗುರುತ್ವಾಕರ್ಷಣೆಯಿಂದ ಸುತ್ತಲಿನ ಸಮುದ್ರದ ನೀರನ್ನು ತನ್ನತ್ತ ಎಳೆದುಕೊಂಡಿದೆ. ಹಿಮ ಕರಗಿದಂತೆ ಆ ಎಳೆತ ಸಡಿಲವಾಗಿ ನೀರು ದೂರಕ್ಕೆ ಹಂಚಿಹೋಗುತ್ತದೆ. ಆದ್ದರಿಂದ ಅಲ್ಲಿಯ ಹಿಮ ಕರಗಿದರೆ ಕಡಲ ಮಟ್ಟ ಸರಾಸರಿಗಿಂತ ತುಸು ಹೆಚ್ಚಾಗಿ ಏರುವುದು ಗ್ರೀನ್‌ಲ್ಯಾಂಡಿನ ದಡದಲ್ಲಲ್ಲ, ನಮ್ಮಂಥ ದೂರದ ಉಷ್ಣವಲಯದ ದಡಗಳಲ್ಲಿ. ಕಾರವಾರದಿಂದ ಮಂಗಳೂರಿನವರೆಗೆ ಕಡಲನ್ನೇ ನಂಬಿ ಬದುಕುವ ಕುಟುಂಬಗಳಿಗೆ ಇಲುಲಿಸ್ಸಾಟ್ ತೋರುವಷ್ಟು ದೂರದಲ್ಲಿಲ್ಲ.

ಇನ್ನೊಂದು ಸಾಕ್ಷ್ಯ

ಚಿತ್ರ ಬರುವುದಕ್ಕೆ ಒಂದು ವರ್ಷ ಮೊದಲು, 2011ರಲ್ಲಿ, ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿ ಪರ್ವತಗಳ ಹಿಮನದಿಗಳ ಭವಿಷ್ಯ ಕುರಿತು ಒಂದು ಚಿಕ್ಕ ವರದಿಯನ್ನು ಪ್ರಕಟಿಸಿತೆಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದಿರಲಾರದು. ವೀರಭದ್ರನ್ ರಾಮನಾಥನ್, ಪೌಲ್ ಕ್ರುಟ್ಸನ್, ಲಾನಿ ಥಾಮ್ಸನ್ ಮೊದಲಾದ ವಿಜ್ಞಾನಿಗಳು ಕೂಡಿ ಸಿದ್ಧಪಡಿಸಿದ ಆ ವರದಿಯಲ್ಲಿ ಗುಡುಗುವ ದೃಶ್ಯಗಳಿಲ್ಲ. ಅದು ಮೂರು ಕೆಲಸಗಳನ್ನು ಹೇಳುತ್ತದೆ: ಇಂಗಾಲದ ಡೈ ಆಕ್ಸೈಡನ್ನು ವಿಳಂಬವಿಲ್ಲದೆ ತಗ್ಗಿಸುವುದು; ಮಸಿ, ಮೀಥೇನ್ ಮುಂತಾದ ಅಲ್ಪಾಯುಷಿ ಮಾಲಿನ್ಯಗಳನ್ನು ಅರ್ಧದಷ್ಟರವರೆಗೆ ಇಳಿಸುವುದು; ಈಗಾಗಲೇ ತಪ್ಪಿಸಲಾಗದ ಬದಲಾವಣೆಗಳಿಗೆ ಸಿದ್ಧರಾಗುವುದು. ಹಿಮದ ಮೇಲೆ ಕುಳಿತ ಕಪ್ಪು ಧೂಳು ಬಿಸಿಲನ್ನು ಹೀರಿ ಹಿಮವನ್ನು ಕೊರೆಯುವುದನ್ನು 'ಚೇಸಿಂಗ್ ಐಸ್' ಸುಂದರವಾಗಿ ತೋರಿಸಿದೆ. ಮಸಿಯನ್ನು ತಗ್ಗಿಸಿದರೆ ಹಿಮಕ್ಕೂ ಒಳಿತು, ಅಡುಗೆಮನೆಯ ಹೊಗೆಯಲ್ಲಿ ಉಸಿರುಗಟ್ಟುವ ತಾಯಂದಿರಿಗೂ ಒಳಿತೆಂಬ ಮುಂದಿನ ಹೆಜ್ಜೆಯನ್ನು ಅದು ಇಡುವುದಿಲ್ಲ. ವರದಿಯನ್ನು ಓದಿದವರು ಕೆಲವರು, ಚಿತ್ರವನ್ನು ನೋಡಿದವರು ಬಹಳ ಮಂದಿ. ವರದಿಗೆ ಕಣ್ಣಿಲ್ಲ, ಚಿತ್ರಕ್ಕೆ ಕೈಯಿಲ್ಲ. ನಮಗೆ ಎರಡೂ ಬೇಕು.

ಹಾಗಾದರೆ ಈ ಚಿತ್ರವನ್ನು ನೋಡಬೇಕೇ? ಖಂಡಿತವಾಗಿ ನೋಡಿರಿ, ಮಕ್ಕಳನ್ನೂ ಕೂರಿಸಿಕೊಂಡು ನೋಡಿರಿ. ಒಬ್ಬ ಮನುಷ್ಯ ತನ್ನ ಮೊದಲಿನ ಅಭಿಪ್ರಾಯವನ್ನು ಪುರಾವೆಯ ಮುಂದೆ ಬಿಟ್ಟುಕೊಟ್ಟು, ದೇಹದ ನೋವನ್ನು ಲೆಕ್ಕಿಸದೆ ಅದೇ ಪುರಾವೆಯನ್ನು ಲೋಕಕ್ಕೆ ತೋರಿಸಲು ಹೊರಟದ್ದು ಸಾಮಾನ್ಯ ಸಂಗತಿಯಲ್ಲ. ಆ ಒಂದು ಗುಣಕ್ಕಾಗಿಯೇ ಚಿತ್ರ ಉಳಿಯಲು ಅರ್ಹವಾಗಿದೆ. ಆದರೆ ಕುಸಿತದ ದೃಶ್ಯ ಮುಗಿದು ಎಲ್ಲರೂ ನಿಟ್ಟುಸಿರುಬಿಟ್ಟಾಗ, ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಕೇಳಿರಿ. ಈ ಹಿಮನದಿ ಕಳಚಿದ್ದು ಹೊಸತೇ, ಅಥವಾ ಕಳಚಿದ್ದು ತುಂಬಿಕೊಳ್ಳದಿರುವುದು ಹೊಸತೇ? ಇದೊಂದರ ಕಥೆಯೇ, ಎಲ್ಲವುಗಳ ಕಥೆಯೇ? ಈ ಹಿಮದ ಕೆಳಗೆ ವಾಸಿಸುವವರು ಯಾರು?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಮಗುವಿಗೆ ಮುಂದೆ ಯಾರಾದರೂ 'ಇಲುಲಿಸ್ಸಾಟ್ ಮತ್ತೆ ಬೆಳೆಯಿತಲ್ಲ, ಎಲ್ಲ ಸುಳ್ಳು' ಎಂದು ಹೇಳಿದರೆ ಅದು ದಿಕ್ಕೆಡುವುದಿಲ್ಲ. ಬೆಳೆದದ್ದೇಕೆಂದೂ, ಹಾಗೆ ಬೆಳೆದಾಗಲೂ ಒಟ್ಟು ಲೆಕ್ಕ ನಷ್ಟದಲ್ಲಿಯೇ ಇತ್ತೆಂದೂ ಅದು ವಿವರಿಸಬಲ್ಲದು. ಬರಿಯ ದೃಶ್ಯಕ್ಕೆ ಬೆರಗಾಗಿ ನಂಬಿದವನ ನಂಬಿಕೆ ಇನ್ನೊಂದು ದೃಶ್ಯಕ್ಕೆ ಅಳಿದುಹೋಗುತ್ತದೆ. ವಿಶ್ವಸಂಸ್ಥೆ 2025ನ್ನು ಹಿಮನದಿಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ವರ್ಷವೆಂದು ಸಾರಿತು, ಅಲ್ಲಿಂದ ಮುಂದೆ ಪ್ರತಿ ಮಾರ್ಚ್ 21ನ್ನು ಹಿಮನದಿಗಳ ದಿನವೆಂದು ಗೊತ್ತುಮಾಡಿತು. ಮುಂದಿನ ಮಾರ್ಚ್ 21ರಂದು ನಿಮ್ಮ ಮನೆಯಲ್ಲೋ ಧರ್ಮಕೇಂದ್ರದ ಯುವಜನರ ಕೂಟದಲ್ಲೋ ಈ ಚಿತ್ರವನ್ನು ಹಾಕಿರಿ. ಎಪ್ಪತ್ತೈದು ನಿಮಿಷ ಚಿತ್ರಕ್ಕೆ ಕೊಡಿರಿ, ಅಷ್ಟೇ ಹೊತ್ತನ್ನು ಆಮೇಲಿನ ಮಾತಿಗೂ ಕೊಡಿರಿ.